ಟವರ್ ಬುಡದಲ್ಲಿ ಹಿಡಿದ ಆ ಮೀಟರ್ ರೇಡಿಯೇಷನ್ ಅಳೆಯುತ್ತದೆಯೇ? ಆಂಟೆನಾ ಕೇಬಲ್‌ನಲ್ಲಿ ವಾಪಸ್ ಬರುವ ಸಿಗ್ನಲ್‌ನ ಲೆಕ್ಕ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದಂಥ ಕಡೆ ಮೊಬೈಲ್ ಆಂಟೆನಾ ಕಾಣದ ರಸ್ತೆ ಹುಡುಕುವುದೇ ಕಷ್ಟ. ಪಿಜಿ ಕಟ್ಟಡದ ತಾರಸಿ, ಕಾರ್ಖಾನೆ ಶೆಡ್‌ನ ಪಕ್ಕದ ಖಾಲಿ ಜಾಗ, ಟೆಕ್ ಪಾರ್ಕ್‌ನ ಹಿಂಭಾಗ, ಎಲ್ಲ ಕಡೆ ಇವೆ. ಆಗಾಗ ಅಲ್ಲಿಗೆ ತಂತ್ರಜ್ಞರು ಬರುತ್ತಾರೆ. ಒಬ್ಬರು ಸೇಫ್ಟಿ ಬೆಲ್ಟ್ ಹಾಕಿಕೊಂಡು ಮೇಲೆ ಹತ್ತುತ್ತಾರೆ. ಇನ್ನೊಬ್ಬರು ಕೆಳಗೆ ಕಪ್ಪು ಕೇಬಲ್‌ನ ತುದಿಗೆ ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಯಂತ್ರವೊಂದನ್ನು ಜೋಡಿಸಿ ಪರದೆ ನೋಡುತ್ತಾರೆ. ಪರದೆಯಲ್ಲಿ ಏರಿಳಿಯುವ ಗೆರೆ, ಒಂದು ಕೆಂಪು ಅಡ್ಡಗೆರೆ, ಕೆಲವು ಅಂಕಿಗಳು.

ಇದನ್ನು ಯಾರಾದರೂ ವಿಡಿಯೊ ಮಾಡಿ “ನಮ್ಮ ಏರಿಯಾದ ಟವರ್ ರೇಡಿಯೇಷನ್ ಮಿತಿ ದಾಟಿದೆ, ಕಂಪನಿಯವರೇ ಗುಟ್ಟಾಗಿ ಅಳೆಯುತ್ತಿದ್ದಾರೆ” ಎಂದು ಬರೆದು ಗ್ರೂಪಿಗೆ ಹಾಕಿದರೆ ನಂಬುವುದು ಬಹಳ ಸುಲಭ. ಯಂತ್ರವೂ ನಿಜ, ಗೆರೆಯೂ ನಿಜ, ಮಿತಿಯೂ ನಿಜ. ಆದರೆ ಅದು ಅಳೆಯುತ್ತಿರುವುದು ರೇಡಿಯೇಷನ್ ಅನ್ನಲ್ಲ.

ಚುಟುಕಾಗಿ ಹೇಳುವುದಾದರೆ:

• ಆ ಯಂತ್ರ ಅಳೆಯುವುದು ಆಂಟೆನಾಗೆ ಕಳುಹಿಸಿದ ಸಿಗ್ನಲ್‌ನಲ್ಲಿ ಎಷ್ಟು ಭಾಗ ಗಾಳಿಗೆ ಹೋಗದೆ ಕೇಬಲ್‌ನಲ್ಲೇ ವಾಪಸ್ ಬಂತು ಎಂಬುದನ್ನು.
• ಆ ಅಂಕಿ ನೋಡಿ ಟವರ್ ಸುರಕ್ಷಿತ ಎಂದೂ ಹೇಳಲಾಗದು, ಅಪಾಯಕಾರಿ ಎಂದೂ ಹೇಳಲಾಗದು.
• ಅಂಕಿ ಚೆನ್ನಾಗಿ ಬಂದ ಮಾತ್ರಕ್ಕೆ ಆಂಟೆನಾ ಸರಿಯಾಗಿದೆ ಎಂದೂ ಅಲ್ಲ.

ಸಿಗ್ನಲ್ ವಾಪಸ್ ಬರುವುದು ಏಕೆ?

ಒಂದು ದಪ್ಪ ಹಗ್ಗದ ತುದಿಗೆ ತೆಳುವಾದ ಹಗ್ಗವೊಂದನ್ನು ಗಂಟು ಹಾಕಿ. ದಪ್ಪ ಹಗ್ಗದ ಕಡೆಯಿಂದ ಒಮ್ಮೆ ಜೋರಾಗಿ ಕೊಡವಿದರೆ ಒಂದು ಅಲೆ ಹೊರಡುತ್ತದೆ. ಗಂಟಿನ ಹತ್ತಿರ ಅದರ ಒಂದು ಭಾಗ ಮುಂದೆ ಹೋಗುತ್ತದೆ, ಇನ್ನೊಂದು ಭಾಗ ನಿಮ್ಮ ಕೈಯತ್ತ ಹಿಂದಿರುಗುತ್ತದೆ. ಹಗ್ಗದ ಗುಣ ಎಲ್ಲಿ ಬದಲಾಯಿತೋ ಅಲ್ಲಿ ಅಲೆ ಒಡೆಯುತ್ತದೆ. ಎರಡೂ ಹಗ್ಗ ಒಂದೇ ಥರದವಾಗಿದ್ದರೆ ಅಲೆ ನಿರಾತಂಕವಾಗಿ ಮುಂದೆ ಸಾಗುತ್ತದೆ.

ಆಂಟೆನಾ ಕೇಬಲ್‌ನಲ್ಲೂ ನಡೆಯುವುದು ಇದೇ. ರೇಡಿಯೊ ಅಲೆಯನ್ನು ಹೊತ್ತೊಯ್ಯುವ ಕೊಯಾಕ್ಸಿಯಲ್ ಕೇಬಲ್‌ಗೆ ‘ಇಂಪೀಡೆನ್ಸ್’ ಎಂಬ ಒಂದು ಗುಣವಿದೆ. ಅದನ್ನು ಓಮ್‌ಗಳಲ್ಲಿ ಹೇಳುತ್ತಾರೆ. ಒಳಗಿನ ತಂತಿ ಎಷ್ಟು ದಪ್ಪ, ಹೊರಗಿನ ಲೋಹದ ಕವಚ ಎಷ್ಟು ಅಗಲ, ನಡುವೆ ತುಂಬಿರುವ ವಸ್ತು ಯಾವುದು ಎಂಬುದರ ಮೇಲೆ ಇದು ನಿರ್ಧಾರವಾಗುತ್ತದೆ. ಮೊಬೈಲ್ ಟವರ್‌ನ ಕೇಬಲ್‌ಗಳು, ಆಂಟೆನಾಗಳು ಸಾಮಾನ್ಯವಾಗಿ 50 ಓಮ್‌ನವು. ಮನೆಯ ಕೇಬಲ್ ಟಿವಿ ಮತ್ತು ಡಿಟಿಎಚ್ ವೈರ್ 75 ಓಮ್‌ನದು.

ಎಲ್ಲವೂ 50 ಓಮ್‌ನಲ್ಲೇ ಇದ್ದರೆ ಸಿಗ್ನಲ್ ಆಂಟೆನಾ ತಲುಪಿ ಗಾಳಿಗೆ ಹೋಗುತ್ತದೆ. ಆದರೆ ಕನೆಕ್ಟರ್ ಸಡಿಲವಾದರೆ, ಕೇಬಲ್ ಹೆಚ್ಚು ಬಾಗಿ ಚಪ್ಪಟೆಯಾದರೆ, ಒಳಗೆ ನೀರು ಸೇರಿದರೆ, ಆ ಜಾಗದಲ್ಲಿ ಇಂಪೀಡೆನ್ಸ್ ಬದಲಾಗುತ್ತದೆ. ಹಗ್ಗದ ಗಂಟಿನಲ್ಲಿ ಆದಂತೆ ಒಂದು ಭಾಗ ಹಿಂದಿರುಗುತ್ತದೆ. ಕೇಬಲ್ ಪೂರ್ತಿ ತುಂಡಾಗಿದ್ದರೆ ಅಲ್ಲಿಯವರೆಗೆ ಬಂದದ್ದೆಲ್ಲ ವಾಪಸ್.

ಬೆಂಗಳೂರಿನ ಟವರ್‌ಗಳಿಗೆ ಮಳೆಗಾಲವೇ ದೊಡ್ಡ ಪರೀಕ್ಷೆ. ಕನೆಕ್ಟರ್ ಮೇಲೆ ಸುತ್ತಿದ ಟೇಪ್ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿದ್ದರೆ ಮಳೆನೀರು ಒಳಗಿಳಿಯುತ್ತದೆ. ಅದಕ್ಕಾಗಿಯೇ ಕೇಬಲ್ ಒಳಗೆ ಹೋಗುವ ಜಾಗಕ್ಕಿಂತ ಮೊದಲು ಅದನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ ಬಿಟ್ಟಿರುತ್ತಾರೆ. ನೀರು ಆ ಬಾಗಿನ ತಳದಿಂದ ತೊಟ್ಟಿಕ್ಕಿ ಕೆಳಗೆ ಬೀಳಲಿ, ಒಳಗೆ ಹರಿಯದಿರಲಿ ಎಂದು.

ಒಂದೇ ಸಂಗತಿಗೆ ಮೂರು ಅಂಕಿ

ವಾಪಸ್ ಬಂದದ್ದನ್ನು ಎಂಜಿನಿಯರ್‌ಗಳು ಮೂರು ಥರ ಹೇಳುತ್ತಾರೆ. ಗೊಂದಲ ಹುಟ್ಟುವುದು ಇಲ್ಲಿಯೇ.

ಮೊದಲನೆಯದು ಶೇಕಡಾವಾರು. 50 ಓಮ್ ಕೇಬಲ್‌ಗೆ ಯಾರೋ 75 ಓಮ್‌ನ ಆಂಟೆನಾ ಜೋಡಿಸಿದರು ಎಂದುಕೊಳ್ಳಿ. ಎರಡರ ವ್ಯತ್ಯಾಸ 25, ಮೊತ್ತ 125. 25ನ್ನು 125ರಿಂದ ಭಾಗಿಸಿದರೆ 0.2. ಅದನ್ನು ಅದರಿಂದಲೇ ಗುಣಿಸಿದರೆ 0.04. ಅಂದರೆ ಶೇ 4ರಷ್ಟು ಶಕ್ತಿ ವಾಪಸ್ ಬರುತ್ತದೆ, ಶೇ 96ರಷ್ಟು ಮುಂದೆ ಹೋಗುತ್ತದೆ.

ಎರಡನೆಯದು ವಿಎಸ್‌ಡಬ್ಲ್ಯುಆರ್. ಹೋಗುವ ಅಲೆ ಮತ್ತು ಬರುವ ಅಲೆ ಕೇಬಲ್‌ನಲ್ಲಿ ಒಂದರ ಮೇಲೊಂದು ಬಿದ್ದಾಗ ಕೆಲವು ಜಾಗಗಳಲ್ಲಿ ವೋಲ್ಟೇಜ್ ಹೆಚ್ಚು, ಕೆಲವು ಜಾಗಗಳಲ್ಲಿ ಕಡಿಮೆ ಆಗಿ ನಿಲ್ಲುತ್ತದೆ. ಅತಿ ಹೆಚ್ಚು ವೋಲ್ಟೇಜ್ ಅತಿ ಕಡಿಮೆ ವೋಲ್ಟೇಜಿನ ಎಷ್ಟು ಪಟ್ಟು ಎಂಬುದೇ ಈ ಅಂಕಿ. ಏನೂ ವಾಪಸ್ ಬರದಿದ್ದರೆ 1. ಮೇಲಿನ ಉದಾಹರಣೆಯಲ್ಲಿ 1.5. ಹಿಂದೆ ಇದನ್ನು ಉದ್ದಕ್ಕೆ ಸೀಳು ಇರುವ ಲೋಹದ ಕೊಳವೆಯಲ್ಲಿ ಸಣ್ಣ ಕಡ್ಡಿಯೊಂದನ್ನು ಸರಿಸುತ್ತಾ, ಎಲ್ಲಿ ಹೆಚ್ಚು ಎಲ್ಲಿ ಕಡಿಮೆ ಎಂದು ನೋಡಿ ಅಳೆಯುತ್ತಿದ್ದರು. ಎಂಜಿನಿಯರಿಂಗ್ ಕಾಲೇಜಿನ ಮೈಕ್ರೊವೇವ್ ಲ್ಯಾಬ್‌ನಲ್ಲಿ ಕೂತವರಿಗೆ ಈ ಕೊಳವೆ ನೆನಪಿರಬಹುದು.

ಮೂರನೆಯದು ರಿಟರ್ನ್ ಲಾಸ್, ಡೆಸಿಬೆಲ್ ಲೆಕ್ಕದಲ್ಲಿ. ಹೆಸರಿನಲ್ಲಿ ‘ಲಾಸ್’ ಇರುವುದರಿಂದ ಹೆಚ್ಚಾದಷ್ಟೂ ನಷ್ಟ ಎಂದು ತೋರುತ್ತದೆ. ವಾಸ್ತವ ತದ್ವಿರುದ್ಧ. ವಾಪಸ್ ಬಂದ ಸಿಗ್ನಲ್ ಕಳುಹಿಸಿದ್ದಕ್ಕಿಂತ ಎಷ್ಟು ಸಣ್ಣದು ಎಂದು ಅದು ಹೇಳುತ್ತದೆ. ಹಾಗಾಗಿ ಹೆಚ್ಚಿದ್ದಷ್ಟೂ ಒಳ್ಳೆಯದು. “20 ಡೆಸಿಬೆಲ್ ಲಾಸ್ ತೋರಿಸುತ್ತಿದೆ” ಎಂದು ಯಾರಾದರೂ ಗಾಬರಿಯಾದರೆ, ಅದು ಸಂತೋಷದ ಸುದ್ದಿ ಎನ್ನಿ. ಕಳುಹಿಸಿದ್ದರ ನೂರನೇ ಒಂದು ಭಾಗ ಮಾತ್ರ ವಾಪಸ್ ಬಂದಿದೆ ಎಂದರ್ಥ.

ಮೂರನ್ನೂ ಒಟ್ಟಿಗೆ ಇಟ್ಟು ನೋಡಿ:

• ವಿಎಸ್‌ಡಬ್ಲ್ಯುಆರ್ 1.1: ವಾಪಸ್ ಬರುವುದು ಸುಮಾರು ಶೇ 0.2, ರಿಟರ್ನ್ ಲಾಸ್ ಸುಮಾರು 26 ಡೆಸಿಬೆಲ್
• ವಿಎಸ್‌ಡಬ್ಲ್ಯುಆರ್ 1.5: ಶೇ 4, ಸುಮಾರು 14 ಡೆಸಿಬೆಲ್
• ವಿಎಸ್‌ಡಬ್ಲ್ಯುಆರ್ 2: ಸುಮಾರು ಶೇ 11, ಸುಮಾರು 9.5 ಡೆಸಿಬೆಲ್
• ವಿಎಸ್‌ಡಬ್ಲ್ಯುಆರ್ 3: ಶೇ 25, ಸುಮಾರು 6 ಡೆಸಿಬೆಲ್

ಶೇ 4 ಎಂದರೆ ಹೆಚ್ಚೋ ಕಡಿಮೆಯೋ? ಅದು ಎಷ್ಟು ಕಳುಹಿಸುತ್ತಿದ್ದೀರಿ ಎಂಬುದನ್ನು ಅವಲಂಬಿಸಿದೆ. 40 ವ್ಯಾಟ್‌ನ ಮೊಬೈಲ್ ರೇಡಿಯೊದಲ್ಲಿ ಅದು 1.6 ವ್ಯಾಟ್. ಆಕಾಶವಾಣಿ ಬೆಂಗಳೂರಿನಲ್ಲಿ ಸ್ಥಾಪಿಸಿದ್ದ 500 ಕಿಲೊವ್ಯಾಟ್‌ನ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್‌ನಂಥದ್ದರಲ್ಲಿ ಅದೇ ಶೇ 4 ಎಂದರೆ 20 ಕಿಲೊವ್ಯಾಟ್. 2 ಕಿಲೊವ್ಯಾಟ್‌ನ 10 ಗೀಸರ್ ಒಟ್ಟಿಗೆ ಹಾಕಿದಷ್ಟು ಶಕ್ತಿ ಯಂತ್ರದತ್ತಲೇ ತಿರುಗಿ ಬಂದಂತೆ. ಇನ್ನು ಪೀಣ್ಯದಲ್ಲಿ ಮುಖ್ಯ ಕಚೇರಿ ಇರುವ ಇಸ್ರೊದ ಇಸ್ಟ್ರಾಕ್ ನೋಡಿ. ಚಂದ್ರಯಾನ-1 ಹೊರಟ 2008ರಲ್ಲೇ ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ ಸಜ್ಜಾದ 32 ಮೀಟರ್ ಅಗಲದ ಆಂಟೆನಾ ಈ ಸಂಸ್ಥೆಯ ಜಾಲದ್ದು. ಲಕ್ಷಾಂತರ ಕಿಲೊಮೀಟರ್ ದೂರದಿಂದ ಬರುವ ಸಿಗ್ನಲ್ ಅತಿ ಕ್ಷೀಣ. ಅಂಥ ಕಡೆ ಆಂಟೆನಾ ಹಿಡಿದ ಸಿಗ್ನಲ್‌ನ ಸಣ್ಣ ಪಾಲು ರಿಸೀವರ್ ತಲುಪದೆ ಹಿಂದಿರುಗಿದರೂ ನಷ್ಟವೇ.

ಯಂತ್ರ ಅಳೆಯುವುದು ಹೇಗೆ?

ಟವರ್ ಬುಡದಲ್ಲಿ ಕಾಣುವ ಯಂತ್ರದ ಹೆಸರು ಕೇಬಲ್ ಆ್ಯಂಡ್ ಆಂಟೆನಾ ಅನಲೈಜರ್. ಬಹಳ ಮಂದಿ ತಂತ್ರಜ್ಞರು ಅದನ್ನು ‘ಸೈಟ್ ಮಾಸ್ಟರ್’ ಎಂದೇ ಕರೆಯುತ್ತಾರೆ. ಅದು ಅನ್ರಿಟ್ಸು ಕಂಪನಿಯ ಒಂದು ಮಾದರಿಯ ಹೆಸರು. ಫೋಟೊಕಾಪಿಗೆ ಎಲ್ಲರೂ ಝೆರಾಕ್ಸ್ ಎನ್ನುವಂತೆ ಇದೂ ಬಳಕೆಗೆ ಬಂದಿದೆ.

ಗಮನಿಸಬೇಕಾದ ಮುಖ್ಯ ಸಂಗತಿ ಇದು: ಈ ಪರೀಕ್ಷೆ ಮಾಡುವಾಗ ಆ ಕೇಬಲ್‌ನಿಂದ ಟವರ್‌ನ ರೇಡಿಯೊವನ್ನು ಬಿಚ್ಚಿರುತ್ತಾರೆ. ಕೇಬಲ್‌ಗೆ ಸಿಗ್ನಲ್ ಕೊಡುವುದು ಈ ಪುಟ್ಟ ಯಂತ್ರವೇ, ಅದೂ ಮಿಲಿವ್ಯಾಟ್ ಮಟ್ಟದ ಅತ್ಯಲ್ಪ ಶಕ್ತಿಯಲ್ಲಿ. ಅಂದಮೇಲೆ ಪರದೆಯ ಗೆರೆ ಟವರ್ ಹೊರಸೂಸುವ ರೇಡಿಯೇಷನ್ ಆಗಲು ಸಾಧ್ಯವೇ ಇಲ್ಲ. ಅಳೆಯುವ ಹೊತ್ತಿಗೆ ಆ ಕೇಬಲ್‌ನ ಆಂಟೆನಾಗೆ ಟವರ್‌ನ ಸಿಗ್ನಲ್ ಹೋಗುತ್ತಲೇ ಇರುವುದಿಲ್ಲ.

ಯಂತ್ರದೊಳಗೆ ಹೋಗುವ ಅಲೆಯನ್ನೂ ಬರುವ ಅಲೆಯನ್ನೂ ಬೇರ್ಪಡಿಸುವ ಭಾಗವೊಂದಿದೆ. ದ್ವಿಮುಖ ರಸ್ತೆಯ ಎರಡು ಬದಿಗೆ ಎರಡು ಕ್ಯಾಮೆರಾ ಇಟ್ಟಂತೆ, ಒಂದು ಕಡೆ ಹೋದದ್ದರ ಲೆಕ್ಕ, ಇನ್ನೊಂದು ಕಡೆ ಬಂದದ್ದರ ಲೆಕ್ಕ. ಎರಡರ ಅನುಪಾತವೇ ಪರದೆಯ ಗೆರೆ. ಕೆಂಪು ಅಡ್ಡಗೆರೆ ಕಂಪನಿ ಒಪ್ಪಿಕೊಂಡ ಗುಣಮಟ್ಟದ ಗಡಿ, ಆರೋಗ್ಯದ ಮಿತಿಯಲ್ಲ. ಟವರ್ ಕೆಲಸದಲ್ಲಿ ವಿಎಸ್‌ಡಬ್ಲ್ಯುಆರ್ ಸಾಮಾನ್ಯವಾಗಿ 1.5ರ ಒಳಗಿರಬೇಕೆಂದು ನೋಡುತ್ತಾರೆ.

ಅಳೆಯುವ ಮೊದಲು ಯಂತ್ರಕ್ಕೆ ‘ಪಾಠ’ ಹೇಳಬೇಕು. ತುದಿ ತೆರೆದಿಟ್ಟು ಒಮ್ಮೆ, ತುದಿಯನ್ನು ಶಾರ್ಟ್ ಮಾಡಿ ಒಮ್ಮೆ, ನಿಖರ 50 ಓಮ್‌ನ ಬಿರಡೆ ಹಾಕಿ ಒಮ್ಮೆ ತೋರಿಸುತ್ತಾರೆ. ಮೊದಲೆರಡರಲ್ಲಿ ಎಲ್ಲವೂ ವಾಪಸ್, ಮೂರನೆಯದರಲ್ಲಿ ಏನೂ ವಾಪಸ್ ಇಲ್ಲ. ಈ ಕ್ಯಾಲಿಬ್ರೇಷನ್ ಮಾಡದೆ ತೆಗೆದ ಅಂಕಿಗೆ ಬೆಲೆ ಇಲ್ಲ. ತಕ್ಕಡಿಯ ಮುಳ್ಳು ಸೊನ್ನೆಯಲ್ಲಿ ಇದೆಯೇ ಎಂದು ನೋಡದೆ ತರಕಾರಿ ತೂಗಿದಂತೆ.

ಎಲ್ಲಿ ಕೆಟ್ಟಿದೆ ಎಂದು ಕೆಳಗೆ ನಿಂತೇ ತಿಳಿಯುವುದು

ಬಾವಿಯೊಳಗೆ ಕೂಗಿ ಮಾರ್ದನಿ ಬರಲು ಎಷ್ಟು ಹೊತ್ತಾಯಿತು ಎಂದು ನೋಡಿದರೆ ನೀರು ಎಷ್ಟು ಆಳದಲ್ಲಿದೆ ಎಂದು ಅಂದಾಜು ಮಾಡಬಹುದು. ಕೇಬಲ್‌ನಲ್ಲೂ ಹಾಗೆಯೇ. ಈ ಯಂತ್ರ ಬೇರೆ ಬೇರೆ ಫ್ರೀಕ್ವೆನ್ಸಿಗಳಲ್ಲಿ ಪ್ರತಿಫಲನ ಅಳೆದು, ಲೆಕ್ಕ ಹಾಕಿ, ದೋಷ ಎಷ್ಟು ಮೀಟರ್ ದೂರದಲ್ಲಿದೆ ಎಂದು ತೋರಿಸುತ್ತದೆ. ಮೇಲೆ ಹತ್ತುವವರಿಗೆ ಇದು ಜೀವದ ಪ್ರಶ್ನೆ. ದೋಷ 3 ಮೀಟರ್ ದೂರದಲ್ಲಿದ್ದರೆ 40 ಮೀಟರ್ ಹತ್ತುವ ಅಗತ್ಯವೇ ಇಲ್ಲ.

ಇಲ್ಲೊಂದು ಎಚ್ಚರಿಕೆ. ಕೇಬಲ್‌ನಲ್ಲಿ ಸಿಗ್ನಲ್ ಬೆಳಕಿನ ಪೂರ್ಣ ವೇಗದಲ್ಲಿ ಓಡುವುದಿಲ್ಲ. ಟವರ್‌ನಲ್ಲಿ ಬಳಸುವ ಫೋಮ್ ತುಂಬಿದ ದಪ್ಪ ಕೇಬಲ್‌ನಲ್ಲಿ ಬೆಳಕಿನ ವೇಗದ ಸುಮಾರು ಶೇ 88, ಗಟ್ಟಿ ಪಾಲಿಥಿನ್ ತುಂಬಿದ ಕೇಬಲ್‌ನಲ್ಲಿ ಸುಮಾರು ಶೇ 66. ಯಾವ ಕೇಬಲ್ ಎಂದು ಯಂತ್ರಕ್ಕೆ ನಾವೇ ಹೇಳಬೇಕು. ಫೋಮ್ ಕೇಬಲ್‌ಗೆ ತಪ್ಪಾಗಿ 66 ಎಂದು ಕೊಟ್ಟರೆ 30 ಮೀಟರ್ ದೂರದ ದೋಷ 22.5 ಮೀಟರ್‌ನಲ್ಲಿ ಇದ್ದಂತೆ ತೋರುತ್ತದೆ. ಮೇಲೆ ಹತ್ತಿದವರು ಚೆನ್ನಾಗಿರುವ ಜಾಗವನ್ನೇ ಹುಡುಕುತ್ತಾ ನೇತಾಡಬೇಕಾಗುತ್ತದೆ.

ರಸ್ತೆ ಅಗೆತದಲ್ಲಿ ಇಂಟರ್‌ನೆಟ್ ಫೈಬರ್ ತುಂಡಾದಾಗ ಬರುವ ರಿಪೇರಿ ತಂಡ ಮಾಡುವುದೂ ಇದೇ ಉಪಾಯ. ಒಟಿಡಿಆರ್ ಎಂಬ ಅವರ ಯಂತ್ರ ಫೈಬರ್‌ನೊಳಗೆ ಬೆಳಕಿನ ಮಿಡಿತ ಕಳುಹಿಸಿ, ವಾಪಸ್ ಬಂದ ಬೆಳಕಿನಿಂದ ತುಂಡಾದ ಜಾಗದ ದೂರ ಹೇಳುತ್ತದೆ.

ಅಂಕಿ ಚೆನ್ನಾಗಿದೆ, ಆದರೂ ಸಿಗ್ನಲ್ ಇಲ್ಲ!

ವಾಪಸ್ ಬರಲಿಲ್ಲ ಎಂದರೆ ಗಾಳಿಗೆ ಹೋಯಿತು ಎಂದೇ ಅರ್ಥವಲ್ಲ. ದಾರಿಯಲ್ಲೇ ಬಿಸಿಯಾಗಿ ಮುಗಿದುಹೋಗಿರಲೂಬಹುದು.

ಸರಳ ಲೆಕ್ಕ ನೋಡಿ. ಹಳೆಯ, ನೀರು ಕುಡಿದ ಉದ್ದದ ಕೇಬಲ್ ಒಂದಿದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ನಾಲ್ಕನೇ ಒಂದು ಭಾಗ ಮಾತ್ರ ಉಳಿಯುತ್ತದೆ. ಮೇಲೆ ಆಂಟೆನಾವೇ ಕಳಚಿಬಿದ್ದಿದೆ. 40 ವ್ಯಾಟ್ ಕಳುಹಿಸಿದರೆ ಮೇಲಿನ ತುದಿ ತಲುಪುವುದು 10 ವ್ಯಾಟ್. ಅಲ್ಲಿ ಆಂಟೆನಾ ಇಲ್ಲ, ಹಾಗಾಗಿ 10 ವ್ಯಾಟ್ ಪೂರ್ತಿ ವಾಪಸ್ ಹೊರಡುತ್ತದೆ. ಬರುವ ದಾರಿಯಲ್ಲೂ ಅದೇ ನಷ್ಟ, ಕೆಳಗೆ ಬಂದು ಸೇರುವುದು 2.5 ವ್ಯಾಟ್. ಅಂದರೆ ಶೇ 6.25. ವಿಎಸ್‌ಡಬ್ಲ್ಯುಆರ್ ಸುಮಾರು 1.67.

ಆಂಟೆನಾವೇ ಇಲ್ಲದ ಕೇಬಲ್‌ನಲ್ಲಿ ಅನಂತದ ಕಡೆಗೆ ಓಡಬೇಕಿದ್ದ ಅಂಕಿ 1.67ಕ್ಕೆ ನಿಂತಿದೆ. ನಷ್ಟ ಇನ್ನಷ್ಟು ಹೆಚ್ಚಾದರೆ ಅಂಕಿ ಇನ್ನಷ್ಟು ‘ಚೆನ್ನಾಗಿ’ ಕಾಣುತ್ತದೆ! ಅದಕ್ಕೇ ಅನುಭವಿ ತಂತ್ರಜ್ಞರು ಒಂದೇ ಅಂಕಿ ನಂಬುವುದಿಲ್ಲ. ಕೇಬಲ್‌ನ ನಷ್ಟವನ್ನು ಬೇರೆಯಾಗಿ ಅಳೆಯುತ್ತಾರೆ, ದೂರದ ಗ್ರಾಫ್ ನೋಡುತ್ತಾರೆ, ಕೇಬಲ್ ಹೊಸದಾಗಿದ್ದಾಗ ತೆಗೆದ ಗ್ರಾಫ್ ಇದ್ದರೆ ಅದರ ಜೊತೆ ಹೋಲಿಸುತ್ತಾರೆ.

ವಾಪಸ್ ಬಂದ ಸಿಗ್ನಲ್ ನಮ್ಮ ಮನೆಗೆ ನುಗ್ಗುತ್ತದೆಯೇ?

ಇಲ್ಲ. ಪ್ರತಿಫಲಿಸಿದ ಸಿಗ್ನಲ್ ಕೇಬಲ್‌ನ ಲೋಹದ ಕವಚದೊಳಗೇ ರೇಡಿಯೊ ಪೆಟ್ಟಿಗೆಯತ್ತ ಹಿಂದಿರುಗುತ್ತದೆ. ತೊಂದರೆ ಆಗುವುದು ಆ ಪೆಟ್ಟಿಗೆಗೆ. ಬಹಳಷ್ಟು ಉಪಕರಣಗಳಲ್ಲಿ ಹೀಗೆ ಬಂದ ಶಕ್ತಿಯನ್ನು ಶಾಖವಾಗಿ ಕರಗಿಸುವ ವ್ಯವಸ್ಥೆ ಇರುತ್ತದೆ. ಪ್ರಮಾಣ ಹೆಚ್ಚಾದರೆ ರೇಡಿಯೊ ತಾನೇ ಅಲಾರಂ ಕೊಟ್ಟು, ಶಕ್ತಿ ಇಳಿಸುತ್ತದೆ ಅಥವಾ ಆ ಭಾಗವನ್ನು ನಿಲ್ಲಿಸುತ್ತದೆ.

ಪ್ರತಿಫಲನ ಹೆಚ್ಚಾದರೆ ಗಾಳಿಗೆ ಹೋಗುವುದು ಕಡಿಮೆಯಾಗುತ್ತದೆ, ಹೆಚ್ಚಾಗುವುದಿಲ್ಲ. ಅದರ ಪರಿಣಾಮ ಬೇರೆ ರೀತಿ ನಮಗೆ ತಟ್ಟುತ್ತದೆ. ಕಾಲ್ ಕಟ್ ಆಗುತ್ತದೆ, ಯುಪಿಐ ಪಾವತಿ ಸುತ್ತುತ್ತಲೇ ಇರುತ್ತದೆ, 108 ಅಥವಾ 112ಕ್ಕೆ ಕರೆ ಮಾಡಬೇಕಾದಾಗ ಲೈನ್ ಸಿಗುವುದು ತಡವಾಗಬಹುದು. ಇನ್ನೊಂದು ಸಂಗತಿ: ಟವರ್‌ನ ಸಂಪರ್ಕ ದುರ್ಬಲವಾದಾಗ ಅದನ್ನು ತಲುಪಲು ನಿಮ್ಮ ಫೋನ್ ತನ್ನ ಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಫೋನ್ ಇರುವುದು ಕಿವಿಯ ಪಕ್ಕದಲ್ಲಿ. ಹಾಗಾಗಿ ರೇಡಿಯೇಷನ್ ಬಗ್ಗೆ ಚಿಂತೆ ಇರುವವರೇ ಈ ಕೇಬಲ್ ಪರೀಕ್ಷೆ ಸರಿಯಾಗಿ ನಡೆಯಲಿ ಎಂದು ಬಯಸಬೇಕು. ತಂತ್ರಜ್ಞರನ್ನು ತಾರಸಿಗೆ ಬಿಡದೆ ತಡೆದರೆ ಉಳಿಯುವುದು ಕೆಟ್ಟ ಕೇಬಲ್, ಹೆಚ್ಚು ದುಡಿಯುವ ಫೋನ್.

5ಜಿ ಬಂದಮೇಲೆ ಏನು ಬದಲಾಗಿದೆ?

ಹಿಂದೆ ರೇಡಿಯೊ ಪೆಟ್ಟಿಗೆ ಕೆಳಗಿರುತ್ತಿತ್ತು, ಉದ್ದದ ದಪ್ಪ ಕೇಬಲ್ ಮೇಲೆ ಹೋಗುತ್ತಿತ್ತು. ಈಗ ಬಹುತೇಕ ಕಡೆ ರೇಡಿಯೊ ಆಂಟೆನಾದ ಹತ್ತಿರವೇ ಇದೆ. ಕೆಳಗಿನಿಂದ ಮೇಲಕ್ಕೆ ಹೋಗುವುದು ಫೈಬರ್ ಮತ್ತು ವಿದ್ಯುತ್ ತಂತಿ. ಮೇಲೆ ಒಂದೆರಡು ಮೀಟರ್‌ನ ಜಂಪರ್ ಕೇಬಲ್ ಮಾತ್ರ. 5ಜಿಯ ಅನೇಕ ಆಂಟೆನಾಗಳಲ್ಲಿ ರೇಡಿಯೊ ಒಳಗೇ ಸೇರಿರುವುದರಿಂದ ಹೊರಗೆ ಬಿಚ್ಚಿ ಅಳೆಯಲು ಕೇಬಲ್ಲೇ ಇರುವುದಿಲ್ಲ. ಜಂಪರ್ ಕೇಬಲ್ ಇರುವ ಕಡೆ ಪ್ರತಿಫಲನವನ್ನು ರೇಡಿಯೊ ತಾನೇ ಅಳೆದು ನಿಯಂತ್ರಣ ಕೇಂದ್ರಕ್ಕೆ ತಿಳಿಸುತ್ತದೆ. ಯಂತ್ರ ಹಿಡಿದು ನಿಲ್ಲುವವರು ಕಡಿಮೆಯಾಗಿದ್ದರೆ ಅದಕ್ಕೆ ಕಾರಣ ಇದು.

ಮನೆಯಲ್ಲೂ ಇದೆ ಈ ಸಮಸ್ಯೆ

ಕೇಬಲ್ ಟಿವಿ ವೈರನ್ನು ಎರಡು-ಮೂರು ಕೋಣೆಗೆ ಹಂಚುವ ಸ್ಪ್ಲಿಟರ್‌ನಲ್ಲಿ ಬಳಸದ ತುದಿ ತೆರೆದೇ ಇದ್ದರೆ ಅಲ್ಲಿಂದಲೂ ಸಿಗ್ನಲ್ ಹಿಂದಿರುಗುತ್ತದೆ. ಕೆಲವು ಚಾನೆಲ್ ಮಾತ್ರ ಚೌಕ ಚೌಕವಾಗಿ ಒಡೆಯಲು ಇದೂ ಒಂದು ಕಾರಣ ಇರಬಹುದು. 75 ಓಮ್‌ನ ಟರ್ಮಿನೇಟರ್ ಎಂಬ ಪುಟ್ಟ ಬಿರಡೆ ಹಾಕಿದರೆ ಸಾಕು. ಕೈಯಲ್ಲಿ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ ಜಾಯಿಂಟ್‌ಗಿಂತ ಸರಿಯಾದ ಕನೆಕ್ಟರ್ ಯಾವಾಗಲೂ ಮೇಲು.

ಹಾಗಾದರೆ ಟವರ್ ರೇಡಿಯೇಷನ್ ಅಳೆಯುವುದು ಹೇಗೆ?

ಅದಕ್ಕೆ ಬೇರೆಯೇ ಯಂತ್ರ, ಬೇರೆಯೇ ವಿಧಾನ. ತುದಿಯಲ್ಲಿ ಚೆಂಡಿನಂಥ ಅಥವಾ ಕೋನಾಕಾರದ ಸಂವೇದಕ ಇರುವ ಮೀಟರನ್ನು ಜನ ಓಡಾಡುವ, ವಾಸಿಸುವ ಜಾಗದಲ್ಲಿ ಗಾಳಿಯಲ್ಲಿ ಹಿಡಿಯುತ್ತಾರೆ. ಅದನ್ನು ಯಾವ ಕೇಬಲ್‌ಗೂ ಜೋಡಿಸುವುದಿಲ್ಲ, ಟವರ್ ಚಾಲೂ ಇರಲೇಬೇಕು. ಅಂಕಿ ಬರುವುದು ಒಂದು ಚದರ ಮೀಟರ್‌ಗೆ ಎಷ್ಟು ವ್ಯಾಟ್ ಅಥವಾ ಒಂದು ಮೀಟರ್‌ಗೆ ಎಷ್ಟು ವೋಲ್ಟ್ ಎಂದು.

2012ರ ಸೆಪ್ಟೆಂಬರ್ 1ರಿಂದ ಭಾರತ ಟವರ್‌ಗಳಿಗೆ ಆಗಿನ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗವನ್ನು ಜಾರಿಗೆ ತಂದಿತು. 900 ಮೆಗಾಹರ್ಟ್ಜ್‌ಗೆ ಚದರ ಮೀಟರ್‌ಗೆ 0.45 ವ್ಯಾಟ್, 1800 ಮೆಗಾಹರ್ಟ್ಜ್‌ಗೆ 0.9 ವ್ಯಾಟ್. 2017ರಲ್ಲಿ ದೂರಸಂಪರ್ಕ ಇಲಾಖೆ ‘ತರಂಗ್ ಸಂಚಾರ್’ ಪೋರ್ಟಲ್ ಆರಂಭಿಸಿತು. ಸುತ್ತಮುತ್ತ ಯಾವ ಟವರ್‌ಗಳಿವೆ, ಅವು ಮಿತಿ ಪಾಲಿಸುತ್ತಿವೆಯೇ ಎಂದು ಅಲ್ಲಿ ನೋಡಬಹುದು. ಅನುಮಾನ ಇದ್ದರೆ ಶುಲ್ಕ ಕಟ್ಟಿ ಅಳತೆಗೆ ಅರ್ಜಿ ಹಾಕುವ ಅವಕಾಶವೂ ಇದೆ. ಪೋರ್ಟಲ್ ಶುರುವಾದಾಗ ಈ ಶುಲ್ಕ 4000 ರೂಪಾಯಿ ಇತ್ತು. ಅಪಾರ್ಟ್‌ಮೆಂಟ್ ಸಂಘ ಹಂಚಿಕೊಂಡರೆ ದೊಡ್ಡ ಮೊತ್ತವಲ್ಲ.

ಫಾರ್ವರ್ಡ್ ಮಾಡುವ ಮೊದಲು ಮೂರು ಪ್ರಶ್ನೆ

• ವಿಡಿಯೊದಲ್ಲಿ ಯಂತ್ರವನ್ನು ಕೇಬಲ್‌ಗೆ ಜೋಡಿಸಿದ್ದಾರೆಯೇ, ಗಾಳಿಯಲ್ಲಿ ಹಿಡಿದಿದ್ದಾರೆಯೇ? ಜೋಡಿಸಿದ್ದರೆ ಅದು ಬಹುತೇಕ ಕೇಬಲ್ ಪರೀಕ್ಷೆ.
• ಅಂಕಿಯ ಪಕ್ಕದ ಮಾನ ಯಾವುದು? ಬರೀ 1.3, 1.5 ಎಂಬಂಥ ಅನುಪಾತ ಅಥವಾ ಡೆಸಿಬೆಲ್ ಮಾತ್ರ ಇದ್ದರೆ ಅದನ್ನು ರೇಡಿಯೇಷನ್ ಮಿತಿಯೊಂದಿಗೆ ಹೋಲಿಸಲು ಬರುವುದಿಲ್ಲ.
• ‘ಲಾಸ್ ಹೆಚ್ಚು’ ಎಂದು ಬರೆದಿದ್ದಾರೆಯೇ? ಅದು ರಿಟರ್ನ್ ಲಾಸ್ ಆಗಿದ್ದರೆ ಹೆಚ್ಚಿರುವುದೇ ಒಳ್ಳೆಯದು.

ಟವರ್ ಬಗ್ಗೆ ಪ್ರಶ್ನೆ ಕೇಳುವುದು ನಮ್ಮ ಹಕ್ಕು. ಆದರೆ ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ಮೀಟರ್ ಯಾವುದು ಎಂದು ಮೊದಲು ತಿಳಿದಿರಬೇಕು. ಥರ್ಮಾಮೀಟರ್ ನೋಡಿ ಬಿಪಿ ಎಷ್ಟು ಎಂದು ಯಾರೂ ಹೇಳುವುದಿಲ್ಲ, ಅಲ್ಲವೇ?